ಇನ್ನೊಂದು ಸಲ, ವಸಿಲಿ

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಅವತ್ತು ಮಂಗಳವಾರ. ಶಾಲೆಯಲ್ಲಿ ಎರಡನೇ ತರಗತಿಗೆ ಕೂಡುವ ಲೆಕ್ಕ ಹೇಳಿಕೊಟ್ಟು, ಮಧ್ಯಾಹ್ನ ತಮ್ಮನ ಮನೆಗೆ ಹೋದೆ. ಅಲ್ಲಿ ಟಿವಿಯವರಿದ್ದರು. ಅಲಾಸ್ಕಾದ ಮೂಲೆಯ ಊರುಗಳಲ್ಲಿ ಜನ ಹೇಗೆ ಬದುಕುತ್ತಾರೆಂದು ತೋರಿಸುವ ಕಾರ್ಯಕ್ರಮ. ಮೂರು ವಾರದಿಂದ ನಮ್ಮ ಬೆನ್ನಿಗೇ ಇದ್ದರು. ಊರಿಗೆ ಊರೇ ದಣಿದಿತ್ತು.

ಅವತ್ತು ತೆಗೆಯಬೇಕಾದ ದೃಶ್ಯ ಇಷ್ಟೇ: ನನ್ನ ತಮ್ಮ ವಸಿಲಿ ಹೆಪ್ಪುಗಟ್ಟಿದ ನದಿ ದಾಟಿ, ಮೀನು ಹೊತ್ತು ಮನೆಗೆ ಬರಬೇಕು. ಬಂದ. ಮೆಟ್ಟಿಲ ಮೇಲೆ ಬೂಟು ಕೊಡವಿದ... ಧಪ್, ಧಪ್. ನದಿಯಿಂದ ಬಂದವನಿಗೆ ಮಾತಿಗೆ ಮೊದಲು ನೀರು ಕೊಡುವುದು ನಮ್ಮ ರೂಢಿ. ಅವನ ಹೆಂಡತಿ ಅಗಾಫಿಯಾ ಲೋಟ ನೀಡಿದಳು.

"ಇವತ್ತಾದ್ರೂ ಬೋರಲು ಹಾಕಬೇಡ ಮಾರಾಯಾ, ದೇಶವೆಲ್ಲ ನೋಡುತ್ತೆ."

ಅದು ಅವನ ಚಟ. ಕುಡಿದ ಲೋಟವನ್ನು ನೀರಿನ ಪೀಪಾಯಿಯ ಮುಚ್ಚಳದ ಮೇಲೆ ಬೋರಲು ಇಡುತ್ತಿದ್ದ.

ಲೋಟ ತುಟಿಗೆ ಮುಟ್ಟುವ ಮೊದಲೇ ನಿರ್ದೇಶಕ ತಡೆದ. ಬೆಳಕು ಸಾಲದಂತೆ, ನದಿಯಿಂದಲೇ ಮತ್ತೆ ಬರಬೇಕಂತೆ. ಅವರ ಮಾತನ್ನು ನಮ್ಮ ಭಾಷೆಯಲ್ಲಿ ಹೇಳುವವಳು ನಾನು. "ಇನ್ನೊಂದು ಸಲ, ವಸಿಲಿ," ಅಂದೆ. ಹೋದ, ಬಂದ. ಮತ್ತೆ ಅಂದೆ. ಮನೆಗೆ ಬಂದವರು ಕೇಳಿದ್ದಕ್ಕೆ ಆಗಲ್ಲ ಅನ್ನುವುದು ನಮ್ಮಲ್ಲಿಲ್ಲ. ಮೂರನೇ ಸಲ ಅಂದಾಗ, "ಅಕ್ಕ, ಮೀನಿಗೂ ಸುಸ್ತಾಗಿದೆ," ಎಂದು ನಕ್ಕು ಹೋದ.

ಬರಲಿಲ್ಲ. ನಡುನದಿಯಲ್ಲಿ ಮಂಜುಗಡ್ಡೆ ಒಡೆದಿತ್ತು. ದೇಹ ಸಿಗಲಿಲ್ಲ. ಟಿವಿಯವರು ಕ್ಷಮೆ ಕೇಳಿ ವಿಮಾನ ಹತ್ತಿದರು.

ಒಂಬತ್ತನೇ ದಿನ ಅಗಾಫಿಯಾ ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಗುಳಿಬಿದ್ದಿತ್ತು.

"ಅಕ್ಕ... ಬರ್ತಾನೆ. ಬಾಗಿಲ ತನಕ ಬಂದು ವಾಪಸ್ ಹೋಗ್ತಾನೆ. ನಾನು ಮಲಗಿ ಎಷ್ಟು ದಿನ ಆಯ್ತು..."

ಆಗಲೇ ಕತ್ತಲಾಗಿತ್ತು. ನೀರು ಸೇದಲು ನದಿಯಲ್ಲಿ ಕೊರೆದ ಕಂಡಿಯ ಪಕ್ಕದಲ್ಲೇ ದಾರಿ. ಇಬ್ಬರೂ ಆ ಕಡೆ ನೋಡಲಿಲ್ಲ. ಮನೆಯಲ್ಲಿ ಅವಳು ಲೋಟ ತುಂಬಿ ಪೀಪಾಯಿಯ ಮೇಲಿಟ್ಟಳು. ಸತ್ತವರಿಗೆ ಬಾಯಾರಿಕೆ ಹೆಚ್ಚು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಗೋಡೆಗೊರಗಿ ಕೂತೆವು.

ಮೊದಲು ಹಿಮದ ಮೇಲೆ... ಕರಕ್, ಕರಕ್. ಆಮೇಲೆ ಮೆಟ್ಟಿಲು. ಧಪ್, ಧಪ್. ಚಿಲಕ ಅರ್ಧ ಎದ್ದಿತು... ಟಕ್ಕೆಂದು ಕೆಳಗೆ ಬಿತ್ತು. ಹೆಜ್ಜೆಗಳು ನದಿಯ ಕಡೆ ತಿರುಗಿದವು. ಸ್ವಲ್ಪ ಹೊತ್ತಿಗೆ ಮತ್ತೆ. ಆಮೇಲೆ ಇನ್ನೊಂದು ಸಲ.

"ಬಾ ಅಂತ ಎಷ್ಟು ಕರೆದರೂ ಬರಲ್ಲ," ಎಂದು ಅಗಾಫಿಯಾ ಪಿಸುಗುಟ್ಟಿದಳು. "ಯಾರ ಮಾತಿಗೆ ಕಾಯ್ತಿದಾನೋ."

ಯಾರ ಮಾತಿಗೆಂದು ನನಗೆ ಗೊತ್ತಾಯಿತು. ನಾಲ್ಕನೇ ಸಲ ಬೂಟು ಕೊಡವಿದಾಗ ಎದ್ದು ಬಾಗಿಲಿಗೆ ಬಾಯಿ ಹಚ್ಚಿದೆ.

"ಸಾಕು, ವಸಿಲಿ. ಸರಿಯಾಗಿ ಬಂತು. ಒಳಗೆ ಬಂದು ನೀರು ಕುಡಿ."

ನಾನು ವಾಪಸ್ ಬಂದು ಅಗಾಫಿಯಾಳ ಪಕ್ಕ ಕೂತು ತಲೆ ತಗ್ಗಿಸಿದೆ. ಚಿಲಕದ ಸದ್ದು... ಕಾಲಿಗೆ ತಣ್ಣನೆ ಗಾಳಿ. ಮತ್ತೆ ಸದ್ದಿಲ್ಲ. ಅಗಾಫಿಯಾ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನೋಡದ್ದನ್ನು ನೋಡಿದೆ ಅನ್ನುವವಳಲ್ಲ ನಾನು. ಮನೆಯಲ್ಲಿದ್ದದ್ದು ನಾವಿಬ್ಬರೇ; ಬೆಳಕಾಗುವ ತನಕ ಇಬ್ಬರೂ ಕೂತಲ್ಲಿಂದ ಏಳಲಿಲ್ಲ.

ಬೆಳಿಗ್ಗೆ ಪೀಪಾಯಿಯ ಮೇಲೆ ಲೋಟ ಬೋರಲಾಗಿತ್ತು.