ಮರ್ಲ್ ನಿಲ್ಲುತ್ತಿದ್ದ ಜಾಗ

...ಅಲ್ಲಲ್ಲ, ಆ ಕುರ್ಚಿ ಬೇಡ ಗ್ಲೆನ್, ಅದರ ಕಾಲು ಅಲ್ಲಾಡುತ್ತೆ. ಇಲ್ಲಿ ಬಾ, ದೀಪದ ಕಡೆ. ಹಾಂ. ಮುಖ ಇತ್ತ ಇಟ್ಕೊಂಡು ಮಾತಾಡು. ಕಾಫಿ ಕುಡಿ. ಚರ್ಚಿನ ಹೆಂಗಸರು ಮಾಡಿಟ್ಟು ಹೋಗಿದ್ದು, ಬರೀ ಬಿಸಿನೀರು, ಆದ್ರೂ ಕುಡಿ.

ಏನು ಹೇಳ್ತಿದ್ದೆ? ಹಾಂ, ಆರ್ವಿಲ್. ನಮ್ಮ ತಳದ ದನಿ. ಅವನು ಹಾಡು ಕಲಿತವನೇ ಅಲ್ಲ, ಅಯೋವಾದ ದನದ ಸಂತೆಗಳಲ್ಲಿ ಹರಾಜು ಕೂಗೋನು! ಕೂಗಿ ಕೂಗಿ ಗಂಟಲು ಪಾತಾಳಕ್ಕೆ ಇಳಿದಿದೆ. ಅವನು ಕೆಳಗಿನ ಸ್ವರ ಹಿಡಿದ್ರೆ ಈ ಮೇಜು ನಡುಗುತ್ತೆ, ನನ್ನ ಮೊಣಕೈಗೆ ಗೊತ್ತಾಗುತ್ತೆ. ಮೇಲಿನ ದನಿ ಡ್ವೇನ್. ಈಗ ನಲ್ಲಿ ರಿಪೇರಿ ಮಾಡ್ತಾನೆ, ಚಿಕ್ಕೋನಿದ್ದಾಗ ಪಾದ್ರಿ ಪಕ್ಕ ನಿಂತು ಲ್ಯಾಟಿನ್ ಹಾಡಿದವನು. ಕ್ಯಾಥಲಿಕ್ ಹುಡುಗ ಲೂಥರನ್ನರ ಚರ್ಚಿನ ಈ ನೆಲಮಾಳಿಗೆಗೆ ಹಾಡೋಕೆ ಹೋಗ್ತಾನಲ್ಲಾ ಅಂತ ಅವರಮ್ಮ ಮಾತೇ ಬಿಟ್ಟಿದ್ಲು. ಯಾಕೆ ನಗ್ತೀಯಾ? ನಿಜ ಕಣೋ!

ನಾನಾ? ನಮ್ಮಪ್ಪ ಹಾಲು ಕರೆಯುವಾಗ ಹಾಡ್ತಿದ್ದ. ನಾನು ಪಕ್ಕದ ಹಸು ಹತ್ರ ಕೂತು ಅವನ ರಾಗಕ್ಕೆ ಜೊತೆ ಹುಡುಕ್ತಿದ್ದೆ. ಬ್ಯಾರಿಟೋನ್ ಅಂದ್ರೆ ಅದೇ, ಉಳಿದ ಮೂವರು ಬಿಟ್ಟ ಸ್ವರ ಹೆಕ್ಕಿ ಹಾಡೋನು. ಒಬ್ಬನೇ ಹಾಡಿದ್ರೆ ಅದು ಯಾವ ಹಾಡು ಅಂತ ಹೆಂಡತಿಗೂ ಗೊತ್ತಾಗಲ್ಲ. ಡಾರ್ಲೀನ್ ಅಡುಗೆಮನೆಯಿಂದ ಕೇಳೋಳು, 'ಹೊಟ್ಟೆನೋವಾ ರಸ್ಸೆಲ್?' ಅಂತ...

ಇಲ್ಲ, ತೀರಿಹೋದ್ಲು. ಹೋದ ಚಳಿಗಾಲ. ಪರವಾಗಿಲ್ಲ, ಪರವಾಗಿಲ್ಲ. ಅಳು ಬರಲಿಲ್ಲ. ಈಗಲೂ ಏನೂ ಅನ್ನಿಸಲ್ಲ. ಏಳ್ತೀನಿ, ಬ್ರೆಡ್ಡು ಸುಟ್ಕೊಂಡು ತಿನ್ತೀನಿ, ನಮ್ಮ ಹಾಡಿನ ಮಂಗಳವಾರ ಬಂತಾ ಅಂತ ನೋಡ್ತೀನಿ. ನನಗಿರೋದು ಈ ಮಂಗಳವಾರ ಒಂದೇ. ಅದಕ್ಕೇ ನಿನ್ನನ್ನ ಅವರಿಬ್ಬರಿಗಿಂತ ಮುಂಚೆ ಕರೆಸಿದ್ದು. ನೀನು ಹೂಂ ಅಂದ್ರೆ ನಾವು ನಾಲ್ವರು. ಊಹೂಂ ಅಂದ್ರೆ ಮೂವರು... ಬಾರ್ಬರ್‌ಶಾಪ್ ಹಾಡು ಅಂದ್ರೆ ನಾಲ್ಕು ದನಿ, ಅದಕ್ಕೆ ಮೂವರು ಇದ್ರೂ ಒಂದೇ, ಯಾರೂ ಇಲ್ಲದಿದ್ರೂ ಒಂದೇ.

ನೀನು ಮೆಥಡಿಸ್ಟರ ಮದುವೆಗಳಲ್ಲಿ ಹಾಡಿದೋನು, ಅಲ್ಲಿ ಜೊತೆಗೆ ಪಿಯಾನೋ ಇರುತ್ತೆ. ಇಲ್ಲಿ ನಾಲ್ಕು ಗಂಟಲು, ಅಷ್ಟೇ. ಒಂದು ವಾಡಿಕೆ ಇದೆ. ಮುಖ್ಯ ರಾಗ ಹಾಡೋನು, ಅಂದ್ರೆ ನೀನು, ನನ್ನ ಎಡಕ್ಕೆ ನಿಂತು ನನ್ನ ಬೆನ್ನ ಮೇಲೆ ಕೈ ಇಡಬೇಕು. ನನ್ನ ಸ್ವರ ಮೇಲಕ್ಕೆ ಹೋದ್ರೆ ಒತ್ತಬೇಕು, ಕೆಳಕ್ಕೆ ಜಾರಿದ್ರೆ ತಟ್ಟಬೇಕು. ಮರ್ಲ್ ಇದ್ದಾಗ ಅವನೇ ಆ ರಾಗ ಹಾಡೋನು, ಹಾಗೇ ಮಾಡ್ತಿದ್ದ. ಏನು, ಹುಬ್ಬು ಹಾರಿಸ್ತೀಯಾ? ಬೇರೆ ಕಡೆ ಇಲ್ಲದಿದ್ರೆ ಬೇಡ, ನಮ್ಮಲ್ಲಿದೆ!

ಮರ್ಲ್‌ನ ಮಣ್ಣಿಗೆ ನೀನೂ ಬಂದಿದ್ದೆ, ಅಲ್ವಾ? ನಮ್ಮಲ್ಲೊಬ್ಬ ಹೋದ್ರೆ ಅವನ ಜಾಗ ಖಾಲಿ ಬಿಟ್ಟು, ಅವನ ದನಿ ಖಾಲಿ ಬಿಟ್ಟು ಮೂವರೇ ಹಾಡ್ತೀವಿ. ಅವನಿಲ್ಲ ಅನ್ನೋದು ಜನಕ್ಕೆ ಕಿವೀಲಿ ಗೊತ್ತಾಗಬೇಕು. ನಾನು ಎರಡನೇ ಸಾಲಿಗೇ ಮರ್ಲ್‌ನ ರಾಗ ಹಿಡಿದುಬಿಟ್ಟೆ. ಅವನ ಹೆಂಡತಿ ಬಿಕ್ಕಿ ಬಿಕ್ಕಿ ಅತ್ಲು. ಆರ್ವಿಲ್ ನನ್ನನ್ನ ತಬ್ಕೊಂಡು, 'ಅವನಿಗೆ ನಿನ್ನ ದನಿ ಕೊಟ್ಟೆಯಲ್ಲೋ' ಅಂದ. ಅಂದುಕೊಳ್ಳಲಿ ಬಿಡು. 

ಮಾತು ಸಾಕು. ತಗೋ, ಸ್ವರದ ಪೀಪಿ. ಮೊದಲ ಸ್ವರ ಊದು, ನಾನು ಅದಕ್ಕೆ ಜೊತೆ ಹಿಡೀತೀನಿ.

...ಊದು.

ಊದಪ್ಪಾ! ಪೀಪಿ ತುಟಿಗಿಟ್ಕೊಂಡು ಸುಮ್ಮನೆ ಕೂತಿದ್ದೀಯಲ್ಲ, ಭಯಾನಾ? ಜೋರಾಗೇ ಊದು.

ಯಾಕೆ ಕೆಳಗಿಟ್ಟೆ? ಗ್ಲೆನ್... ಊದಿದೆಯಾ?

ಎರಡು ಸಲಾನೂ?

ಕೇಳಿಸ್ತು, ಕೇಳಿಸ್ತು, ನಾನು ಸುಮ್ಮನೆ ತಮಾಷೆಗೆ... ಇಲ್ಲ. ಕೇಳಿಸಲಿಲ್ಲ. ನನ್ನ ಕಿವಿ ಹೋಗಿದೆ. ಮರ್ಲ್‌ಗೆ ಮಾತ್ರ ಗೊತ್ತಿತ್ತು, ಅವರಿಬ್ಬರಿಗೆ ಗೊತ್ತಿಲ್ಲ. ಆವತ್ತು ಚರ್ಚಲ್ಲಿ ನಾನು ಯಾರಿಗೂ ದನಿ ಕೊಡಲಿಲ್ಲ ಕಣೋ. ಬೆನ್ನ ಮೇಲೆ ಕೈ ಇರಲಿಲ್ಲ, ದಾರಿ ತಪ್ತು.

ಏನಾದ್ರೂ ಅನ್ನು. ತುಟಿ ಆಡಿಸು ಸಾಕು, ನನಗೆ ಗೊತ್ತಾಗುತ್ತೆ...

ಬಾಗಿಲ ಕಡೆ ಯಾಕೆ ತಿರುಗಿದೆ? ಅವರು ಬಂದ್ರಾ? ಮೆಟ್ಟಿಲು ಇಳೀತಿದಾರಾ?