ಹೊಳೆಗೆ ನೀರು ಹೊತ್ತ ಬೇಸಿಗೆ

ಅಲ್ಲ ತಮಾ, ಹೊಳೆ ಬತ್ತೂದು ಒಂದು ಕಷ್ಟ, ಬತ್ತಿದ ಹೊಳೆ ನೀರು ಅಳೆಯೂದು ಇನ್ನೂ ದೊಡ್ಡ ಕಷ್ಟ. ನನ್ನ ಮೊದಲ ಕೆಲಸ ಅದೇ, ಗೊತ್ತಾತಾ? ನಮ್ಮ ಹೊಳೆ ಕೆಳಗೆ ಹೋಗಿ ಅಘನಾಶಿನಿ ಸೇರ್ತದಲ್ಲ, ಅದರ ಸೇತುವೆ ಬುಡದಲ್ಲಿ ಗೆರೆ ಹಾಕಿದ ಕಬ್ಬಿಣದ ಪಟ್ಟಿ ನಿಲ್ಲಿಸಿದ್ರು. ದಿನಾ ಬೆಳಿಗ್ಗೆ ನೀರು ಯಾವ ಗೆರೆಗೆ ಮುಟ್ಟಿದೆ ನೋಡೂದು, ಪುಸ್ತಕದಲ್ಲಿ ಬರೆಯೂದು. ರೈಲು ಬಂದ ಹೊಸತು... ಅಲ್ಲಲ್ಲ, ರೈಲು ಬಂದು ಐದಾರು ವರ್ಷ ಆಗಿತ್ತು. ನಾ ಸಣ್ಣಿದ್ದಾಗ ಆ ಹೊಳೆಯಲ್ಲಿ ಮೇ ತಿಂಗಳಲ್ಲೂ ಎಮ್ಮೆ ಈಜ್ತಿತ್ತು ಮಾರಾಯ. ಕಡೆಗೆ ಎಂತಾತೋ, ಮಳೆ ಹೊತ್ತು ತಪ್ಪಿ ಬರೂಕೆ ಶುರುವಾತು. ಬಂದ್ರೆ ನಾಲ್ಕೇ ದಿನದಲ್ಲಿ ಸುರಿದು ಪಟ್ಟಿಯೇ ಮುಳುಗ್ತಿತ್ತು, ಶಿವರಾತ್ರಿ ಆದ್ಮೇಲೆ ನೋಡಿದ್ರೆ ಬರೀ ಕಲ್ಲು. ನಾ ದಿನಾ ಸೊನ್ನೆ ಬರೆದೆ. ಆಗ ಸುದ್ದಿ ಬಂತು, ಮೇಲಿನ ಊರಿನ ಪಟ್ಟಿಯವನನ್ನ ಕೆಲಸದಿಂದ ತೆಗೆದ್ರಂತೆ, ನೀರೇ ಇಲ್ಲದಲ್ಲಿ ಅಳೆಯೋನು ಎಂತಕ್ಕೆ ಅಂತ. ನಾಳೆ ಪಟ್ಟಿ ತಪಾಸಣೆಗೆ ಕುಮಟೆ ಆಫೀಸಿನ ಸಾಹೇಬ್ರು ನಮ್ಮಲ್ಲಿಗೆ ಬರ್ತಾರಂತೆ! ನಾ ಗುದ್ದಲಿ ಹಿಡ್ಕೊಂಡು ಹೊಳೆಗೆ ಇಳಿದೆ.

ಬದನೆ ಬುಡಕ್ಕೆ ಮಣ್ಣಿನ ಕಟ್ಟೆ ಕಟ್ಟೂದಿಲ್ವಾ, ಹಾಗೇ ಪಟ್ಟಿ ಸುತ್ತ ಕಟ್ಟಿದೆ. "ಬಾವಿ ನೀರು ಹೊತ್ತು ಹಾಕುವ ಬಾರೇ" ಅಂದೆ ನಿಮ್ಮಜ್ಜಿಗೆ. "ಹೋಯ್, ನಿಮ್ಮ ತಲೆ ಸಮಾ ಇದ್ಯಾ? ಲೋಕದೋರು ಹೊಳೆಯಿಂದ ಮನೆಗೆ ನೀರು ತರ್ತಾರೆ!" ಬೈತಾ ಬೈತಾ ಹೊತ್ಲು ಪಾಪ, ಕೊಡದ ಮೇಲೆ ಕೊಡ. ಸಾಹೇಬ್ರು ಬೂಟು ಹಾಕಿಕೊಂಡು ಒಣ ಹೊಳೆಯ ನಡುವೆಯೇ ನಡೆದು ಬಂದ್ರು, ಕಟ್ಟೆಗೆ ಬಗ್ಗಿ ನೋಡಿದ್ರು. ಒಂದು ಕಪ್ಪೆ ಬೇರೆ ಬಂದು ಕೂತಿತ್ತು. "ಭಲೇ, ನಾಲ್ಕು ಗೆರೆ!" ನನಗೇ ಹೆದರಿಕೆ ಆಗಿ "ಸಾಹೇಬ್ರೆ, ಹೊಳೆ..." ಅಂದೆ. "ನಂದು ಪಟ್ಟಿ ನೋಡೋ ಕೆಲಸ, ಹೊಳೆ ನೋಡೋ ಕೆಲಸ ಅಲ್ಲ" ಅಂದು ನನ್ನ ಪುಸ್ತಕದಲ್ಲೂ ಬರೆದು, ತಾವೂ ಬರೆದುಕೊಂಡು ಹೋದ್ರು. ಕೆಲಸ ಉಳೀತು ಅಂತ ನಾ ಕುಣಿದಿದ್ದೇ ಕುಣಿದಿದ್ದು.

ಹದಿನೈದು ದಿನದಲ್ಲಿ ಕೇರಿಯ ಬಾವಿಯೆಲ್ಲ ಬತ್ತಿದ್ವು, ಹೊಳೆಗೆ ನೀರು ಹೊಯ್ದ ನಮ್ಮ ಬಾವಿಯೂ. ಪಕ್ಕದ್ಮನೆ ದೇವಿ ಬಾಣಂತಿ, ಅವಳಿಗೆ ಮೀಯೂಕೆ ಬಿಡು, ಕುಡಿಯೂಕೂ ನೀರಿಲ್ಲ. ಟ್ಯಾಂಕರ್ ಕಳಿಸಿ ಅಂತ ಅರ್ಜಿ ಹಾಕಿದ್ರೆ ಉತ್ತರ ಎಂತ ಬಂತು? ನಿಮ್ಮ ಹೊಳೆಯಲ್ಲಿ ನೀರುಂಟು ಅಂತ ಪುಸ್ತಕ ಹೇಳ್ತದೆ, ಟ್ಯಾಂಕರ್ ಇಲ್ಲ! ಪುಸ್ತಕ ಹಿಡ್ಕೊಂಡು ಕುಮಟೆಗೆ ಓಡಿದೆ. "ಸಾಹೇಬ್ರೆ, ಅದು ನಮ್ಮ ಬಾವಿ ನೀರು, ತಪ್ಪಾತು." ಅವರು ತಲೆಯೇ ಎತ್ತಲಿಲ್ಲ. "ಹೊಳೆಯಲ್ಲಿ ನೀರಿಲ್ಲ ಅಂದ್ರೆ ಅಳೆಯೋನೂ ಇಲ್ಲ. ಮತ್ತೆ ಈಗ ಮಾತಾಡ್ತಿರೋದು ಯಾರು?" ನಾ ಅಲ್ಲೇ ಪುಸ್ತಕದ ಆ ನಾಲ್ಕು ಗೆರೆಯ ಸಾಲು ಹೊಡೆದು ಹಾಕಿ, ನೀರಿಲ್ಲ ಅಂತ ಬರೆದು ಸಹಿ ಮಾಡಿದೆ. ಕೆಲಸ ಹೋತು. ಮೂರನೇ ದಿನ ಟ್ಯಾಂಕರ್ ಬಂತು. ನಿಮ್ಮಜ್ಜಿ ಮೊದಲ ಕೊಡ ತುಂಬಿ ಸೀದಾ ದೇವಿ ಮನೆಗೆ ಕೊಟ್ಟು ಬಂದ್ಲು. ನಾಚಿಕೆಯಲ್ಲಿ ನಾ ಆ ನೀರು ಕುಡಿಲೇ ಇಲ್ಲ. ಅದಕ್ಕೇ ಹೇಳೂದು, ಇಲ್ಲದ್ದನ್ನ ಇಲ್ಲ ಅಂತ್ಲೇ ಬರೀರಿ. ಆತು ಮಕ್ಕಳೇ, ಏಳಿ, ಕೈಕಾಲು ತೊಳ್ಕೊಳ್ಳಿ. ಅರ್ಧ ಚೊಂಬು ಸಾಕು.