ಮೀಟರ್ ಬಲಭುಜಕ್ಕೆ ಹೋದದ್ದು ಯಾಕೆ

ಹಲೋ… ಹಲೋ, ಯಾರು ಮಾತಾಡ್ತಿರೋದು? ಡೈವಿಂಗ್ ಸಾಮಾನು ರಿಪೇರಿ ಅಂಗಡಿನಾ?…

ಹಾಂ, ನೀವೇನಾ ಅಣ್ಣಾ. ಧ್ವನಿ ಗುರುತೇ ಸಿಗಲಿಲ್ಲ. ಶೀತಾನಾ?… ನಾನು, ಬಂದರಿನ ಜೆಟ್ಟಿ ಕಂಬ ನೋಡೋಕೆ ನೀರಿಗಿಳಿತೀವಲ್ಲ, ಅವಳೇ. ಜಾಕೆಟ್ಟು, ಹೋಸು ಎಲ್ಲ ಸರ್ವಿಸ್‌ಗೆ ಕಳಿಸಿದ್ದೆನಲ್ಲ… ಬಂತು, ಬಂತು. ನನ್ನ ಮೈದುನ ತಂದಿಟ್ಟು ಹೋದ. ಬಂದದ್ದಕ್ಕೇ ಫೋನ್ ಮಾಡಿದ್ದು.

ಒಂದು ಕೇಳ್ತೀನಿ, ಸುತ್ತಿ ಬಳಸಿ ಹೇಳಬೇಡಿ. ನನ್ನ ಮೀಟರ್‌ಗೆ ಕೈ ಹಾಕಿದವರು ಯಾರು?…

ಸರ್ವಿಸ್ ಮಾಡಿದ್ದು ನೀವು, ಸರಿ. ಜಾಗ ಬದಲಾಯಿಸಿದ್ದು ಯಾರು ಅಂತ ಕೇಳ್ತಿರೋದು… ಏನು, ಅಷ್ಟು ದೊಡ್ಡ ವಿಷಯ ಅಲ್ವಾ? ಅಣ್ಣಾ, ಅದು ಎದೆ ಮೇಲೆ ಚುಚ್ಚಿಕೊಳ್ಳೋ ಪದಕ ಅಲ್ಲ. ಸಿಲಿಂಡರಲ್ಲಿ ಗಾಳಿ ಎಷ್ಟು ಉಳಿದಿದೆ ಅಂತ ಅದು ಹೇಳಿದ್ರೆ ತಾನೇ ನಾನು ಜೀವ ಸಮೇತ ಮೇಲೆ ಬರೋದು? ನಮ್ಮ ತಂಡದಲ್ಲಿ ಎಲ್ಲರದ್ದೂ ಎಡ ಸೊಂಟದ ಕೊಕ್ಕೆಗೇ ಇರಬೇಕು. ಕೆಸರು ನೀರಲ್ಲಿ ತಡಕಿದ್ರೂ ಕೈಗೆ ಸಿಗಬೇಕು. ಈಗ ಬಲಭುಜದ ಪಟ್ಟಿ ಮೇಲೆ ಹೋಗಿ ಕೂತಿದೆ. ಹಾಕ್ಕೊಂಡೇ ನಿಂತಿದ್ದೀನಿ ಇಲ್ಲಿ. ಕತ್ತು ಎಷ್ಟು ತಿರುಗಿಸಿದ್ರೂ ನನಗೆ ಕಾಣಲ್ಲ. ಅದರ ಮುಖಾನೂ ಹೊರಗಡೆಗೆ ಮಾಡಿ ಕಟ್ಟಿದ್ದೀರಿ…

ಯಾರು ಹೇಳಿದ್ದು?…

ನಿಮ್ಮವರೇ ಅಂದ್ರೆ? ನಮ್ಮನೆಯವರಿಗೆ ದೋಣಿ ಇಂಜಿನ್ ಬಿಟ್ರೆ ಬೇರೆ ತಲೆಗೆ ಹೋಗಲ್ಲ. ಮೈದುನನಾ?… ಹೇಳಿ, ಮೈದುನನಾ ಅಂದೆ…

ಹಾಂ. ಅಂದುಕೊಂಡೆ. ನೋಡಿ, ನನ್ನ ಬಲಕ್ಕೆ ಯಾವಾಗಲೂ ಈಜೋನು ಅವನೇ. ಅಂದ್ರೆ ನನ್ನ ಗಾಳಿ ನನಗೆ ಕಾಣಬಾರದು, ಅವನಿಗೆ ಕಾಣಬೇಕು. ಅದೇ ತಾನೇ ಲೆಕ್ಕ?…

ಒಳ್ಳೇದಕ್ಕೆ ಇರಬಹುದು ಅಂತೀರಾ? ನಾಳೆ ಸೂಪರ್‌ವೈಸರ್ ಬರ್ತಾರೆ. ತಂಡದ ಮುಂದಾಳು ನಾನೇ ಇರ್ತೀನೋ, ಅವನಿಗೆ ಕೊಡ್ತಾರೋ, ನಾಳೆ ಗೊತ್ತಾಗುತ್ತೆ. ಅಂಥ ದಿನಾನೇ ನೋಡ್ಕೊಂಡು ನನ್ನ ಮೀಟರ್ ಊರು ಬಿಟ್ಟು ಹೋಗುತ್ತೆ. ಅತ್ತಿಗೆ ತಡಬಡಾಯಿಸಲಿ, ನಾಲ್ಕು ಜನ ನೋಡಲಿ ಅಂತ. ನಾನೇ ಕಲಿಸಿದ್ದು ಅವನಿಗೆ. ಮೂಗಲ್ಲಿ ನೀರು ಹೋದ್ರೆ ಅಳ್ತಿದ್ದ…

ಇಲ್ಲ ಅಣ್ಣಾ, ಸುಮ್ಮಸುಮ್ಮನೆ ಅನುಮಾನ ಪಡೋಳಲ್ಲ ನಾನು. ಇನ್ನೊಂದು ಕೇಳಿ. ಅವನ ಡೈವ್ ಕಂಪ್ಯೂಟರ್ ಇದೆಯಲ್ಲ, ಆಳ, ಹೊತ್ತು ಎಲ್ಲ ತೋರಿಸೋದು, ಕೈಗೆ ಕಟ್ಟೋದು, ದಪ್ಪ ಅಂಕಿದು. ಸ್ನಾನಕ್ಕೆ ಹೋದ್ರೂ ಬಿಚ್ಚಲ್ಲ. ಮಧ್ಯಾಹ್ನ ಊಟಕ್ಕೆ ಕೂತ, ಮಣಿಕಟ್ಟು ಬೋಳು. ಪಟ್ಟಿ ಇದ್ದ ಜಾಗ ಬೆಳ್ಳಗೆ ಕಾಣ್ತಿದೆ. ಎಲ್ಲೋ ಅಂದ್ರೆ ರಿಪೇರಿಗೆ ಕೊಟ್ಟಿದ್ದೀನಿ ಅಂದ. ನಿಮ್ಮ ಹತ್ರ ಇದೆಯಾ?…

ಇಲ್ವಾ? ನೋಡಿ ಮತ್ತೆ. ಸುಳ್ಳು. ಅನ್ನದ ತಟ್ಟೆ ಮುಂದೆ ಕೂತು ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳಿದ…

ಯಾವ ದಿನ?… ಹಾಂ, ಹೋದ ವಾರ. ಅವನು ಬಂದು ಅದನ್ನೂ ಒದರಿದನಾ? ಮೇಲೆ ಬಂದಾಗ ನನ್ನ ಗಾಳಿ ತಳ ಕಂಡಿತ್ತು, ನಿಜ. ಮೀಟರ್ ಕೆಟ್ಟಿತ್ತು ಅಣ್ಣಾ. ಕೆಳಗೆ ನೋಡಿದಾಗ ಮುಳ್ಳು ಅರ್ಧಕ್ಕಿತ್ತು. ಅದಕ್ಕೇ ತಾನೇ ಸರ್ವಿಸ್‌ಗೆ ಕಳಿಸಿದ್ದು…

ಕೆಟ್ಟಿರಲಿಲ್ವಾ?… ಸರಿಯಾಗಿ ನೋಡಿದ್ರಾ? ಇನ್ನೊಂದು ಮೀಟರ್ ಪಕ್ಕ ಇಟ್ಟು?… ಮುಳ್ಳು ಎರಡರಲ್ಲೂ ಒಂದೇ ಕಡೆ?…

ಹಾಗಾದ್ರೆ ನಾನು ನೋಡಿದ್ದೇನು ಅಣ್ಣಾ?…

ಕಣ್ಣಾ? ಕಣ್ಣಿಗೇನಾಗಿದೆ ನನಗೆ, ಕಲ್ಲುಗುಂಡಿನ ಹಾಗಿದೆ… ಏನು ಓದಬೇಕು? ಮೀಟರ್ ಹಿಂದುಗಡೆ ಇರೋದಾ? ಓದ್ತೀನಿ, ಅದಕ್ಕೇನು. ತಡೀರಿ, ಜಾಕೆಟ್ ಕಳಚಿ ಮೀಟರ್ ಬಿಚ್ಚಿಕೊಳ್ತೀನಿ… ಇದು… ಮೂರೋ ಎಂಟೋ ಒಂದು ಇದೆ. ಆಮೇಲೆ… ಎಷ್ಟು ಸಣ್ಣಗೆ ಅಚ್ಚು ಹಾಕ್ತಾರೆ, ಇರುವೆ ಓದಬೇಕು ಇದನ್ನ. ಬೆಳಕೂ ಸಾಲದು ಇಲ್ಲಿ…

ಕಿಟಕಿ ಹತ್ರಾನೇ ಇದ್ದೀನಿ…

ಹಾಂ. ಬಿಸಿಲಿದೆ…

ಹ್ಞೂಂ, ತೋಳು ಪೂರ್ತಿ ಚಾಚಿದ್ರೆ ಅಷ್ಟಿಷ್ಟು ಕಾಣುತ್ತೆ. ಹತ್ರ ಹಿಡಿದ್ರೆ ನನಗೆ ಕಾಣಲ್ಲ ಅಂತ ಅವನಿಗೆ ಯಾವಾಗಿಂದ ಗೊತ್ತು?…

ಅಷ್ಟು ದಿನದಿಂದಾನಾ. ಅದಕ್ಕೇನಾ ನೀರಲ್ಲಿ ಗಳಿಗೆಗೊಂದು ಸಲ ನನ್ನ ಮೀಟರ್ ಎತ್ತಿ ನೋಡಿ, ಗಾಳಿ ಎಷ್ಟಿದೆ ಅಂತ ಬೆರಳೆಣಿಸಿ ತೋರಿಸ್ತಿದ್ದದ್ದು? ನಾನು ಅಂದುಕೊಂಡೆ, ಕಲಿಸಿದವಳನ್ನೇ ಪರೀಕ್ಷೆ ಮಾಡೋಕೆ ಹೊರಟಿದ್ದಾನೆ ಅಂತ. ಹೋದ ವಾರ ಆ ಕೈಗೆ ಫಟ್ ಅಂತ ಹೊಡೆದೆ ಅಣ್ಣಾ. ನೀರೊಳಗೆ. ಅದರಿಂದಾಚೆ ಅವನು ಮುಟ್ಟಲೇ ಇಲ್ಲ…

ಓ. ಮುಟ್ಟದೇ ನೋಡೋಕಾ… ಭುಜದ ಮೇಲಿದ್ರೆ ಪಕ್ಕದಿಂದಾನೇ ಕಾಣುತ್ತೆ ಅಂತಾನಾ…

ಇಲ್ಲ, ಅಳ್ತಿಲ್ಲ. ನಿಮ್ಮ ಶೀತ ಫೋನಲ್ಲೇ ಅಂಟಿತು.

ಪಕ್ಕದ ಜೇಬಾ? ಜಾಕೆಟ್ಟಿಂದಾ? ನೋಡಿಲ್ಲ, ಏನಿದೆ ಅದರಲ್ಲಿ?… ಫೋನ್ ಟೇಬಲ್ ಮೇಲಿಡ್ತೀನಿ, ಹೋಗಬೇಡಿ. ಚಾರ್ಜ್ ಬೇರೆ ಕಮ್ಮಿ ಇದೆ…

ಹಾಂ, ಸಿಕ್ತು. ಬನಿಯನ್ನಲ್ಲಿ ಸುತ್ತಿದ್ದಾನೆ… ಇದು ಅವನ ಕಂಪ್ಯೂಟರೇ ಅಲ್ವಾ? ದಪ್ಪ ಅಂಕಿದು. ನನ್ನ ಕೈಗೆ ಅಂತ ಪಟ್ಟಿಗೆ ಹೊಸ ತೂತು ಹಾಕಿಸಿದ್ದೀರಿ… ಹಾಗಾದ್ರೆ ಇಲ್ಲಿ ಹೋಸ್ ಪಕ್ಕ ಬೆರಳುದ್ದ ಕರಿ ಸಾಮಾನು ಕೂರಿಸಿದ್ದೀರಲ್ಲ, ಅದು?… ಅದು ಕಳಿಸಿದ್ರೆ ನನ್ನ ಗಾಳಿ ಲೆಕ್ಕ ಈ ಕಂಪ್ಯೂಟರಲ್ಲೇ ಬರುತ್ತಾ? ಈ ದಪ್ಪ ಅಂಕಿಲಿ?… ಕಾಣುತ್ತೆ. ಇದು ಕಾಣುತ್ತೆ ಅಣ್ಣಾ.

ತಡೀರಿ. ಇದು ನನ್ನ ಕೈಗೆ ಬಂದ್ರೆ ನಾಳೆ ಅವನ ಕೈಗೇನು?…

ಗಾಳಿಗೆ ಅವನ ಹಳೇ ಮೀಟರ್ ಇದೆ, ಸರಿ. ಆಳ? ಎಷ್ಟು ಹೊತ್ತಾಯ್ತು ಅನ್ನೋದು?… ಅತ್ತಿಗೆ ಕೈ ನೋಡ್ಕೊಂಡು ಇರ್ತೀನಿ ಅಂದನಾ? ಆ ಕೆಸರಲ್ಲಿ ಒಂದು ಮಾರು ದೂರ ಆದ್ರೆ ನಾನೇ ಕಾಣಲ್ಲ, ನನ್ನ ಕೈ ಎಲ್ಲಿ ಕಾಣುತ್ತೆ? ಮೇಲೆ ಯಾವಾಗ ಬರಬೇಕು ಅಂತ ಗೊತ್ತಿಲ್ಲದೆ ಅಲ್ಲೇ ತಿರುಗ್ತಾ ಇರ್ತಾನಾ? ನೀವಾದ್ರೂ ಬುದ್ಧಿ ಹೇಳಬಾರದಿತ್ತಾ ಆ ಕತ್ತೆಗೆ?…

ಹೇಳಿದ್ರಾ. ಕೇಳಲಿಲ್ವಾ. ಕೇಳಲ್ಲ, ನನ್ನ ಹತ್ರ ಕಲಿತೋನು ತಾನೇ.

ಅಣ್ಣಾ, ಮಾಸ್ಕ್ ಗಾಜಿನ ಒಳಗೆ ಓದೋ ಲೆನ್ಸ್ ಅಂಟಿಸ್ತೀರಲ್ಲ, ಅದು ಎಷ್ಟು ದಿನ ಹಿಡಿಯುತ್ತೆ?… ಆಗಲಿ, ಕಣ್ಣು ತೋರಿಸಿ ನಂಬರ್ ತರ್ತೀನಿ. ಅಲ್ಲಿ ತನಕ ನಾನು ನೀರಿಗಿಳಿಯಲ್ಲ. ಸೂಪರ್‌ವೈಸರ್‌ಗೆ ನಾನೇ ಹೇಳ್ತೀನಿ. ಏನು ಬೇಕಾದ್ರೂ ತೀರ್ಮಾನ ಮಾಡ್ಕೊಳ್ಳಲಿ…

ಶ್, ಬೈಕ್ ಬಂತು. ಅವನೇ.

ಬಾರೋ ಇಲ್ಲಿ. ಚಪ್ಪಲಿ ಆಮೇಲೆ ಬಿಡುವೆಯಂತೆ, ಬಾ. ಕೈ ಚಾಚು… ಆ ಕೈಯಲ್ಲ, ಬೆಳ್ಳಗಿರೋ ಕೈ. ಮಾತಾಡಬೇಡ, ಕಟ್ಟಿಸ್ಕೋ ಸುಮ್ಮನೆ. ಇನ್ನೊಂದು ಸಲ ಇದನ್ನ ಬಿಚ್ಚಿದ್ರೆ ಕೈ ಮುರಿತೀನಿ… ರಿಪೇರಿ ಅಣ್ಣನ ಜೊತೆ ಮಾತಾಡ್ತಿದ್ದೀನಿ. ಹಾಂ, ಎಲ್ಲ ಹೇಳಿದ್ರು. ಎಲ್ಲಿಗೆ ಹೋಗ್ತೀಯ, ಕೂತ್ಕೋ.

ಹಲೋ, ಇದ್ದೀರಾ ಅಣ್ಣಾ?… ನಾಳೆ ಜಾಕೆಟ್ ವಾಪಸ್ ಕಳಿಸ್ತೀನಿ. ಆ ಕರಿ ಸಾಮಾನು ಬಿಚ್ಚಿ ಅವನ ಸಿಲಿಂಡರ್‌ಗೇ ಹಾಕಿ.

ಮೀಟರಾ?… ಇಲ್ಲ, ಸೊಂಟಕ್ಕೆ ಬೇಡ. ಭುಜದ ಮೇಲೇ ಇರಲಿ. ಹೋಸ್ ಮಾತ್ರ ಸ್ವಲ್ಪ ಉದ್ದದ್ದು ಹಾಕಿ, ಬೇಕಾದಾಗ ಎಳೆದು ನಾನೂ ನೋಡೋ ಹಾಗೆ… ಹೌದು, ಲೆನ್ಸ್ ಬಂದ ಮೇಲೂ ಅಲ್ಲೇ. ಅವನಿಗೆ ಎಲ್ಲಿ ಕಾಣುತ್ತೋ ಅಲ್ಲೇ ಇರಲಿ ಅಣ್ಣಾ, ನನಗೂ ಅದೇ… ಹಲೋ?… ಕೇಳಿಸ್ತಾ?… ಹಲೋ…